ಕೊಟ್ಟ ಮಾತೂ ಯಂತ್ರದ ನಡತೆಯೂ



ಇಂದು ನಮ್ಮ ಹೆಣ್ಣುಮಕ್ಕಳ ಹೆಸರು, ವಯಸ್ಸು, ದೂರವಾಣಿಯ ಸಂಖ್ಯೆ, ಭಾವಚಿತ್ರ ಇವೆಲ್ಲವೂ ಮೊಬೈಲಿನ ಮೂಲಕ ನಾನಾ ಕಂಪೆನಿಗಳ ವಶಕ್ಕೆ ಹೋಗುತ್ತಲಿವೆ. ನಿಮ್ಮ ಗುಟ್ಟನ್ನು ಕಾಪಾಡುವೆವೆಂದು ಆ ಕಂಪೆನಿಗಳು ಉದ್ದವಾದ ವಾಗ್ದಾನಪತ್ರಗಳನ್ನು ಪ್ರಕಟಿಸುವುದುಂಟು. ಅವನ್ನು ಬರೆಯುವವರು ಸಾಮಾನ್ಯವಾಗಿ ವಕೀಲರು. ಸಾಫ್ಟ್‌ವೇರನ್ನು ರಚಿಸುವವರು ಇಂಜಿನಿಯರುಗಳು. ಒಬ್ಬರ ಬರಹವನ್ನು ಇನ್ನೊಬ್ಬರು ಓದದೆ ಹೋದರೆ ಆ ವಾಗ್ದಾನವು ಕ್ರಿಯೆಯಿಲ್ಲದ ವಿಶ್ವಾಸದಂತೆ ನಿರ್ಜೀವವಾದುದೇ ಸರಿ.

ಇದಕ್ಕೊಂದು ನಿದರ್ಶನವುಂಟು. ಆಗ ಟ್ವಿಟರ್ ಎಂಬ ಹೆಸರಿದ್ದ ಅಮೆರಿಕದ ಕಂಪೆನಿಯು 2013ರಿಂದ 2019ರ ವರೆಗೆ, ಖಾತೆಯ ಭದ್ರತೆಗಾಗಿ ಎಂದು ಹೇಳಿ 14 ಕೋಟಿಗೂ ಮಿಕ್ಕ ಬಳಕೆದಾರರಿಂದ ದೂರವಾಣಿ ಸಂಖ್ಯೆಗಳನ್ನೂ ಇ-ಮೇಲ್ ವಿಳಾಸಗಳನ್ನೂ ಪಡೆದು, ಅವನ್ನೇ ಜಾಹೀರಾತುಗಳಿಗೂ ಉಪಯೋಗಿಸಿತೆಂದು ಅಲ್ಲಿನ ಸರಕಾರವು ಆರೋಪಿಸಿತು. 2022ರಲ್ಲಿ ಕಂಪೆನಿಯು 15 ಕೋಟಿ ಡಾಲರು ದಂಡವನ್ನು ತೆರಲೊಪ್ಪಿತು. ಕಾಗದದಲ್ಲಿ "ಭದ್ರತೆಗಾಗಿ" ಎಂದು ಬರೆದ ಮಾತ್ರಕ್ಕೆ ಯಂತ್ರವು ತಾನಾಗಿ ಜಾಹೀರಾತಿಗೆ ಅಡ್ಡ ಬರಲಾರದು.

ಆದುದರಿಂದ ಪ್ರತಿಯೊಂದು ವಾಗ್ದಾನವನ್ನೂ ಪರೀಕ್ಷಿಸಲು ಬರುವಂತಹ ಕಟ್ಟಳೆಯಾಗಿ ಬರೆಯತಕ್ಕದ್ದು. ಸಂಖ್ಯೆಯ ಸಂಗಡ ಅದನ್ನು ಪಡೆದ ಉದ್ದೇಶವೂ ದಾಖಲಾಗಿರಬೇಕು. ಭದ್ರತೆಗಾಗಿ ಪಡೆದುದನ್ನು ಜಾಹೀರಾತಿನ ವಿಭಾಗವು ಓದಲು ಯತ್ನಿಸಿದರೆ ಸಾಫ್ಟ್‌ವೇರು ನಿರಾಕರಿಸಬೇಕು. "ಬೇಡವೆಂದಾಗ ಅಳಿಸುವೆವು" ಎಂದರೆ ಸಾಲದು. ಎಷ್ಟು ದಿನದೊಳಗೆ, ಬ್ಯಾಕಪ್ ಪ್ರತಿಗಳಿಂದಲೂ ಅಳಿಸಲ್ಪಡುವುದೇ, ಅಳಿಸಿದುದಕ್ಕೆ ಸಾಕ್ಷಿಯೇನು ಎಂಬುದನ್ನೂ ಬರೆಯಬೇಕು. ಸಾಫ್ಟ್‌ವೇರು ಬದಲಾದಾಗಲೆಲ್ಲ ಈ ಪರೀಕ್ಷೆಯು ಪುನಃ ನಡೆಯಬೇಕು. ಅದರಲ್ಲಿ ತೇರ್ಗಡೆಯಾಗದುದನ್ನು ಜನರ ಕೈಗೆ ಕೊಡಬಾರದು.

ಇದರಿಂದ ಕೆಲಸವು ನಿಧಾನವಾಗುವುದೆಂದೂ ವೆಚ್ಚವು ಹೆಚ್ಚುವುದೆಂದೂ ಕೆಲವರು ಆಕ್ಷೇಪಿಸಬಹುದು. ಅದು ನಿಜವೇ. ಆದರೆ ಆ ವೆಚ್ಚವನ್ನು ಹೊರಲೊಲ್ಲದವರು ಅಂತಹ ಮಾತನ್ನು ಕೊಡದೆ ಇರುವುದೇ ಮರ್ಯಾದೆ.

ನಮ್ಮ ದೇಶದ 2023ನೆಯ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು, 18 ವರ್ಷ ತುಂಬದವರ ವಿವರಗಳನ್ನು ಬಳಸಲು ಸಾಮಾನ್ಯವಾಗಿ ತಂದೆತಾಯಿಗಳ ಅಥವಾ ಪೋಷಕರ ಸಮ್ಮತಿ ಬೇಕೆಂದು ವಿಧಿಸಿದೆ. ಇದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ, ಮುಖ್ಯ ಕರ್ತವ್ಯಗಳಿಗೆ ಸಿದ್ಧರಾಗಲು ಕಂಪೆನಿಗಳಿಗೆ 18 ತಿಂಗಳ ಅವಕಾಶವು ಕೊಡಲ್ಪಟ್ಟಿತು. ಸಮ್ಮತಿ ಕೊಡತಕ್ಕ ಪೋಷಕರು, "ಈ ಮಾತನ್ನು ನಿಮ್ಮ ಯಂತ್ರವು ಹೇಗೆ ನಡೆಸುತ್ತದೆ?" ಎಂದು ಕೇಳಲಿ. ಇಂಜಿನಿಯರುಗಳಾಗಿರುವ ಹಳೆಯ ವಿದ್ಯಾರ್ಥಿನಿಯರು ವಾಗ್ದಾನಪತ್ರವನ್ನು ಮೇಜಿನ ಮೇಲಿಟ್ಟುಕೊಂಡೇ ಕೆಲಸಕ್ಕೆ ತೊಡಗಲಿ. ಕೊಟ್ಟ ಮಾತನ್ನು ನಡೆಸಬೇಕೆಂದು ಈ ಶಾಲೆಯಲ್ಲಿ ಕಲಿತವರಿಗೆ ಇದು ಹೊಸ ಪಾಠವಲ್ಲ.