ಕನ್ನಡಕ್ಕೂ ಒಂದು ಟೆಂಪ್ಲೇಟ್ ಬೇಡವೇ?

‘ಕನ್ನಡ ಹಾಕಿದರೆ ಅಕ್ಷರ ಒಡೆಯುತ್ತದೆ, ಸ್ಲೈಡು ಇಂಗ್ಲಿಷಿನಲ್ಲೇ ಇರಲಿ ಬಿಡಿ.’ ನಮ್ಮ ಕನ್ನಡ ಕಾರ್ಯಕ್ರಮಗಳ ತಯಾರಿಯಲ್ಲಿ ಈ ಮಾತನ್ನು ಡೊಂಬಿವಲಿಯಲ್ಲೂ ಕೇಳಿದ್ದೇನೆ, ಕಲ್ಯಾಣದಲ್ಲೂ ಕೇಳಿದ್ದೇನೆ. ನಾನಿದನ್ನು ಒಪ್ಪುವುದಿಲ್ಲ. ಇದರಲ್ಲಿ ಕನ್ನಡದ ತಪ್ಪೇನೂ ಇಲ್ಲ, ಸೋಮಾರಿತನ ನಮ್ಮದು.

ವಾರವಿಡೀ ಥಾಣೆಯಿಂದ ಟ್ರಾನ್ಸ್-ಹಾರ್ಬರ್ ರೈಲು ಹಿಡಿದು ಐರೋಲಿ, ಮಹಾಪೆಯ ಕಚೇರಿಗಳಿಗೆ ಓಡುವ ನಾವು, ಕಂಪನಿಯ ಟೆಂಪ್ಲೇಟಿನ ನೀಲಿ ಒಂದಿಷ್ಟು ಮಸುಕಾದರೂ ಸಹಿಸುವುದಿಲ್ಲ. ಭಾನುವಾರ ಮಾತ್ರ ಹಳೆಯ ನುಡಿ ಫಾಂಟಿನ ಕಡತವನ್ನು ಇನ್ಯಾರದೋ ಲ್ಯಾಪ್‌ಟಾಪಿನಲ್ಲಿ ತೆರೆದು, ರೋಮನ್ ಅಕ್ಷರಗಳ ಕಲಸುಮೇಲೋಗರ ಕಂಡು ನಕ್ಕು ಸುಮ್ಮನಾಗುತ್ತೇವೆ.

ಪವರ್‌ಪಾಯಿಂಟಿನ ಥೀಮ್ ಎಂದರೆ 12 ಬಣ್ಣಗಳು, ಶೀರ್ಷಿಕೆಗೆ ಮತ್ತು ಪಠ್ಯಕ್ಕೆ ಒಂದೊಂದು ಫಾಂಟು. ಆಫೀಸಿನ ಬಹುಕಾಲದ ಡೀಫಾಲ್ಟ್ ಥೀಮಿನಲ್ಲಿ ದೇವನಾಗರಿಗೆ ಮಂಗಲ್, ಕನ್ನಡಕ್ಕೆ ತುಂಗಾ ಎಂದು ಬರೆದಿದೆ. ಆದರೆ ವಿಂಡೋಸ್ 10ರಿಂದ ತುಂಗಾ ಐಚ್ಛಿಕ. ತಾನಾಗಿ ಬರುವುದು ನಿರ್ಮಲಾ ಯುಐ. ಹಾಗಾಗಿ ಒಂದೇ ಸ್ಲೈಡು ಒಬ್ಬೊಬ್ಬರಲ್ಲಿ ಒಂದೊಂದು ಥರ. 2013ರ ಥೀಮಿನ ಸಾಲಿನ ಅಂತರವೂ 0.9. ಇಂಗ್ಲಿಷಿಗೆ ಅದು ಸಾಕು. ‘ಸ್ವಾತಂತ್ರ್ಯ’ದ ಒತ್ತಕ್ಷರ ಮಾತ್ರ ಕೆಳಗಿನ ಸಾಲಿಗೆ ಬಡಿಯುತ್ತದೆ.

ಇನ್ನು ಬಣ್ಣ. ಅಭಿಮಾನವೆಂದು ಹಳದಿಯ ಮೇಲೆ ಅಪ್ಪಟ ಕೆಂಪಿನಲ್ಲಿ ಬರೆಯುತ್ತೇವೆ. ಆ ಜೋಡಿಯ ಕಾಂಟ್ರಾಸ್ಟ್ ಸುಮಾರು 3.7, ಸಾಮಾನ್ಯ ಗಾತ್ರದ ಅಕ್ಷರಕ್ಕೆ ವೆಬ್ ಮಾನದಂಡ ಕೇಳುವುದು 4.5. ಹಿಂದಿನ ಸಾಲಿನ ಅಜ್ಜಿಗೆ ಓದಲಾಗದ ಅಭಿಮಾನ ಯಾರಿಗಾಗಿ? ಹಳದಿ-ಕೆಂಪು ಅಂಚಿನಲ್ಲಿರಲಿ, ಅಕ್ಷರ ಬಿಳಿಯ ಮೇಲೆ ಕಡುಗೆಂಪಾಗಿರಲಿ.

‘ಇದಕ್ಕೆ ಡಿಸೈನರ್ ಬೇಕು, ದುಡ್ಡು ಬೇಕು’ ಎನ್ನುವವರಿದ್ದಾರೆ. ಎರಡೂ ಬೇಡ. ನಮ್ಮ ಮುಂಬಯಿಯದೇ ಆದ ಏಕ್ ಟೈಪ್ ರೂಪಿಸಿದ ಬಾಲೂ ತಮ್ಮ, ಅನೇಕ್ ಕನ್ನಡ ಫಾಂಟುಗಳು ಉಚಿತ, ಮುಕ್ತ. ಸ್ಲೈಡ್ ಮಾಸ್ಟರಿನಲ್ಲಿ ಬಣ್ಣ, ಅಂತರ ಸರಿಪಡಿಸಿ ಥೀಮನ್ನು ಉಳಿಸಿ. ಸಿಗುವ ಟಿಎಚ್‌ಎಂಎಕ್ಸ್ ಕಡತ ನಿಜದಲ್ಲಿ ಒಂದು ಜಿಪ್. ಬಿಚ್ಚಿ, ತುಂಗಾ ಎಂದಿರುವಲ್ಲಿ ಮತ್ತು ಖಾಲಿ ಬಿಟ್ಟ ‘ಸಿಎಸ್’ ಜಾಗದಲ್ಲಿ ನಿಮ್ಮ ಫಾಂಟಿನ ಹೆಸರು ಬರೆಯಿರಿ. ಸ್ಲೈಡುಗಳನ್ನು ಉಳಿಸುವಾಗ ಫಾಂಟನ್ನೂ ಎಂಬೆಡ್ ಮಾಡಿ. ಕಚೇರಿಯಲ್ಲಿ ಇದಕ್ಕಿಂತ ಕಷ್ಟದ ಕೆಲಸ ದಿನವೂ ಮಾಡುವವರು ನಾವು.

ಒಂದು ಭಾನುವಾರ ಕೂತರೆ ಥಾಣೆಯಿಂದ ನವಿಮುಂಬಯಿವರೆಗಿನ ಸಂಘಗಳೆಲ್ಲ ಬಳಸಬಹುದಾದ ಥೀಮ್ ಸಿದ್ಧ. ಇಲ್ಲಿ ಹುಟ್ಟಿದ ನಮ್ಮ ಮಕ್ಕಳಲ್ಲಿ ಅನೇಕರು ದೊಡ್ಡದಾಗಿ ಬರೆದ ಕನ್ನಡ ನೋಡುವುದೇ ಈ ಪರದೆಗಳ ಮೇಲೆ. ಕನ್ನಡ ಕಂಪ್ಯೂಟರಿಗೆ ಒಗ್ಗದ ಭಾಷೆ ಎಂಬ ಪಾಠವನ್ನು ಅವರಿಗೆ ನಾವೇ ಹೇಳಿಕೊಡುವುದು ಬೇಡ.