ಕಡಿದ ಮಾತಿಗೆ ಹೊಣೆ ಯಾರು?

ಊರಿನಿಂದ ತಾಯಿಯ ಫೋನು ಬಂದರೆ ನಾವು ಮುಂಬಯಿಯ ಚಾಳಿನವರು ಗ್ಯಾಲರಿಗೆ ಓಡಬೇಕು. ಒಳಗೆ ನಿಂತರೆ ‘ಹಲೋ ಹಲೋ’ ಬಿಟ್ಟು ಬೇರೇನೂ ಕೇಳದು. ಟ್ರಂಕ್ ಕಾಲಿನ ದಿನಗಳಲ್ಲೂ ಕಿರುಚಿಯೇ ಮಾತಾಡಿದೆವೆನ್ನಿ. ಆದರೆ ಆಗ ಯಾರೂ ಕಿಸೆಯಲ್ಲೇ ಜಗತ್ತಿದೆಯೆಂದು ಜಾಹೀರಾತು ಕೊಟ್ಟಿರಲಿಲ್ಲ!

ಕಡಿದ ಕರೆಗೆ 1 ರೂಪಾಯಿಯಂತೆ, ದಿನಕ್ಕೆ 3 ಕರೆಗಳವರೆಗೆ, ಗ್ರಾಹಕರಿಗೆ ಪರಿಹಾರ ಕೊಡಬೇಕೆಂದು 2015ರಲ್ಲಿ ಟ್ರಾಯ್ ವಿಧಿಸಿತು. ಕಂಪನಿಗಳು ಕೋರ್ಟಿಗೆ ಹೋದವು. 2016ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಆ ನಿಯಮವನ್ನೇ ರದ್ದುಪಡಿಸಿತು. ತೀರ್ಪಿಗೆ ತಲೆಬಾಗೋಣ. ಆ ರೂಪಾಯಿಯಾದರೂ ಯಾರಿಗೆ ಬೇಕಿತ್ತು? ‘ಅಪ್ಪನನ್ನು ಆಸ್ಪತ್ರೆಗೆ...’ ಎಂಬಲ್ಲಿಗೆ ಮಾತು ಕಡಿದರೆ, ಮುಂದಿನ ಶಬ್ದಕ್ಕಾಗಿ ರಾತ್ರಿಯಿಡೀ ಗ್ಯಾಲರಿಯಲ್ಲಿ ನಿಲ್ಲುವವರು ನಾವು. ಸಿನಿಮಾ, ಕ್ರಿಕೆಟ್ಟು ಆಮೇಲೆ ತೋರಿಸಲಿ. ಮೊದಲು ಆ ಶಬ್ದವನ್ನು ನಮಗೆ ಮುಟ್ಟಿಸಲಿ.