ಅದ್ಭುತ, ಬೀಭತ್ಸ ಮತ್ತು ಓದುಗರ ಅಭಿರುಚಿ

ಅದ್ಭುತ ಕಥೆ ಮಕ್ಕಳಿಗೆ, ವಾಸ್ತವ ಕಥನ ದೊಡ್ಡವರಿಗೆ ಎಂಬ ಒಂದು ಹಂಚಿಕೆ ನಮ್ಮ ವಿಮರ್ಶೆಯಲ್ಲಿ ಬಹುಕಾಲದಿಂದ ನೆಲೆಯೂರಿದೆ. ನವ್ಯದ ಕಾಲಕ್ಕೆ ಅದು ಯಾರೂ ಬಾಯಿಬಿಟ್ಟು ಹೇಳಬೇಕಾದ ಅಗತ್ಯವೇ ಇಲ್ಲದ ಮಾತಾಯಿತು. ಮಂತ್ರ, ಪ್ರೇತ, ಪುನರ್ಜನ್ಮಗಳಿರುವ ಕೃತಿಯಲ್ಲಿ ಕಾಮ, ಕ್ರೌರ್ಯ, ರಕ್ತಗಳೂ ಸೇರಿಕೊಂಡರಂತೂ ಅದು ಎರಡು ಪಂಕ್ತಿಗಳಿಗೂ ಸಲ್ಲದ ವಸ್ತು. ಮಕ್ಕಳ ಕೈಗೆ ಕೊಡುವಂತಿಲ್ಲ, ದೊಡ್ಡವರು ಓದಿದೆವೆಂದು ಹೇಳಿಕೊಳ್ಳುವಂತಿಲ್ಲ. ಆದರೂ ಓದುವವರು ಓದುತ್ತಲೇ ಬಂದಿದ್ದಾರೆ. ಮೇಲಾಗಿ ಅವರೆಲ್ಲರೂ ಒಂದೇ ಕಾರಣಕ್ಕಾಗಿ ಓದುವವರಲ್ಲ. ಈ ಎರಡನೆಯ ಸಂಗತಿಗೆ ನಮ್ಮ ವಿಮರ್ಶೆ ತಕ್ಕಷ್ಟು ಗಮನ ಕೊಟ್ಟಿಲ್ಲವೆಂದು ನನ್ನ ಅನಿಸಿಕೆ.

ಇಂಥ ಕಥನದ ಬಗೆಗಿನ ಅಭಿರುಚಿಭೇದ ಕಥಾಸಾಹಿತ್ಯದಷ್ಟೇ ಹಳೆಯದು. ಗುಣಾಢ್ಯನ ಐತಿಹ್ಯವನ್ನು ನೆನೆಯಬಹುದು. ಕಾಡಿನಲ್ಲಿ ಮಸಿ ದೊರೆಯದೆ ತನ್ನ ರಕ್ತದಿಂದಲೇ ಬರೆದ ಬೃಹತ್ಕಥೆಯನ್ನು ಸಾತವಾಹನ ದೊರೆ ಪೈಶಾಚೀ ಭಾಷೆಯದೆಂದೂ ರಕ್ತಾಕ್ಷರದ್ದೆಂದೂ ತಿರಸ್ಕರಿಸಿದ. ಗುಣಾಢ್ಯನು ಒಂದೊಂದೇ ಪತ್ರವನ್ನು ಓದಿ ಬೆಂಕಿಗೆ ಹಾಕುತ್ತಿದ್ದರೆ ಕಾಡಿನ ಮೃಗಗಳು ಮೇವು ಮರೆತು ಕಣ್ಣೀರಿಡುತ್ತ ಕೇಳಿದವು. ಅರಮನೆಯ ಅಡುಗೆಮನೆಗೆ ಬಂದ ಮಾಂಸ ಒಣಗಿದ್ದುದಕ್ಕೆ ಕಾರಣ ಹುಡುಕಿದಾಗಲೇ ದೊರೆಗೆ ಕಥೆಯ ಬೆಲೆ ತಿಳಿದದ್ದು. ಅಷ್ಟರಲ್ಲಿ ಏಳು ಲಕ್ಷ ಶ್ಲೋಕಗಳ ಪೈಕಿ ಆರು ಲಕ್ಷ ಬೂದಿಯಾಗಿದ್ದವು. (ಊಟದ ದಾರಿಯಿಂದ ವಿಮರ್ಶೆಗೆ ಬಂದ ಅರಸ ಇವನೊಬ್ಬನೇ ಇರಬೇಕು.) ಈ ಕಥಾಪರಂಪರೆ ಕನ್ನಡಕ್ಕೆ ಹೊರಗಿನದಲ್ಲ. ಗಂಗರ ದುರ್ವಿನೀತನು ಬೃಹತ್ಕಥೆಯನ್ನು ಸಂಸ್ಕೃತಕ್ಕೆ ತಂದನೆಂದು ಶಾಸನಗಳು ಹೇಳುತ್ತವೆ. 1031ರ ತನ್ನ ಪಂಚತಂತ್ರದ ಮೂಲವನ್ನು ದುರ್ಗಸಿಂಹನು ಗುಣಾಢ್ಯನವರೆಗೂ ಕೊಂಡೊಯ್ಯುತ್ತಾನೆ.

ಕನ್ನಡದ ದೊಡ್ಡ ಕೃತಿಗಳೇನೂ ಸೌಮ್ಯವಲ್ಲ. ವಡ್ಡಾರಾಧನೆಯ ಸುಕುಮಾರಸ್ವಾಮಿಯನ್ನು ನರಿ ದಿನಗಟ್ಟಲೆ ತಿನ್ನುತ್ತದೆ. ಗದಾಯುದ್ಧದ ರಣಭೂಮಿಯಲ್ಲಿ ಹೆಣಗಳ ನಡುವೆ ನಡೆಯುವ ದುರ್ಯೋಧನನನ್ನು ಮರುಳುಗಳು ಗೇಲಿ ಮಾಡುತ್ತವೆ. ಇವನ್ನೆಲ್ಲ ನಾವು ರಸದ ಹೆಸರಿನಲ್ಲಿ ಪಾಠ ಮಾಡುತ್ತೇವೆ. ಬೀಭತ್ಸಕ್ಕೆ ಜುಗುಪ್ಸೆ ಸ್ಥಾಯಿಭಾವವೆಂದು ಬರೆಸಿದರೆ ಕೆಲಸ ಮುಗಿಯಿತು. ಜುಗುಪ್ಸೆ ಎಲ್ಲರಿಗೂ ಒಂದೇ ಕಡೆ ಹುಟ್ಟುತ್ತದೆಯೇ ಎಂದು ತರಗತಿಯಲ್ಲಿ ಕೇಳುವ ಪದ್ಧತಿಯಿಲ್ಲ.

ಕೇಳಿದರೆ ಏನಾಗುತ್ತದೆಂಬುದನ್ನು ಜನ್ನನ ಯಶೋಧರಚರಿತೆಯನ್ನು ಪಾಠ ಮಾಡುವಾಗ ಕಂಡಿದ್ದೇನೆ. ಚೆನ್ನೈಯಲ್ಲಿ ಕನ್ನಡ ಓದಲು ಬರುವವರಲ್ಲಿ ಹೊಸೂರು, ತಾಳವಾಡಿ ಸೀಮೆಯವರಿರುತ್ತಾರೆ, ಇಲ್ಲೇ ಹುಟ್ಟಿ ಬೆಳೆದವರೂ ಇರುತ್ತಾರೆ. 1209ರ ಈ ಕಾವ್ಯ ಅವರಿಗೆ ಬೇಗ ಹತ್ತುತ್ತದೆ. ಅರಸಿಯೊಬ್ಬಳು ಕತ್ತಲಲ್ಲಿ ಕೇಳಿದ ಹಾಡಿಗೆ ಮನಸೋತು ವಿಕಾರರೂಪಿ ಮಾವಟಿಗನ ಬಳಿ ಹೋಗುತ್ತಾಳೆ, ತಡವಾಯಿತೆಂದು ಅವನಿಂದ ಏಟು ತಿನ್ನುತ್ತಾಳೆ. ಹಿಂದೆಯೇ ಬಂದ ಗಂಡ ಎತ್ತಿದ ಕತ್ತಿಯನ್ನು ತಡೆಹಿಡಿಯುತ್ತಾನೆ. ಮುಂದೆ ಬಲಿಗೆಂದು ಮಾಡಿದ ಹಿಟ್ಟಿನ ಕೋಳಿ ಪೆಟ್ಟು ಬಿದ್ದಾಗ ಕೂಗುತ್ತದೆ. ಆಮೇಲೆ ವಿಷ, ತಾಯಿಮಗ ನವಿಲು ನಾಯಿಗಳಾಗಿ, ಮೀನು ಮೊಸಳೆಗಳಾಗಿ, ಆಡಾಗಿ, ಕೋಳಿಯಾಗಿ ಹುಟ್ಟಿ ಹುಟ್ಟಿ ಸಾಯುತ್ತಾರೆ.

ಒಮ್ಮೆ ಈ ಜನ್ಮಪರಂಪರೆಯ ಭಾಗದಲ್ಲಿ ತರಗತಿ ಎರಡು ಪಕ್ಷವಾಯಿತು. ಜಾರ್ಜ್ ಮಾರ್ಟಿನ್ನರ ಇಂಗ್ಲಿಷ್ ಕಾದಂಬರಿಗಳನ್ನು ಓದಿಕೊಂಡಿದ್ದ ಒಬ್ಬ ವಿದ್ಯಾರ್ಥಿಗೆ ಅಮೃತಮತಿಯ ರಾತ್ರಿ ಬಹಳ ಹಿಡಿಸಿತ್ತು, ಮುಂದಿನದು ಸಪ್ಪೆಯೆನಿಸಿತ್ತು. ಪಾಪಕ್ಕೆ ಶಿಕ್ಷೆ ಖಚಿತವೆಂದು ಮೊದಲೇ ಗೊತ್ತಾದ ಮೇಲೆ ಭಯವೆಲ್ಲಿಯದು ಎಂಬುದು ಅವನ ವಾದ. 1996ರಲ್ಲಿ ಪ್ರಕಟವಾದ ಮಾರ್ಟಿನ್ನರ ಆ ಮಾಲೆಯ ಮೊದಲ ಸಂಪುಟದಲ್ಲಿಯೇ ನೀತಿವಂತನ ತಲೆ ಉರುಳುತ್ತದೆ, ಯಾವ ದೈವವೂ ಲೆಕ್ಕ ಕೇಳುವುದಿಲ್ಲ. ಅದು ಅವನಿಗೆ ಪ್ರಾಮಾಣಿಕವಾಗಿ ಕಂಡಿತ್ತು. ವಿದ್ಯಾರ್ಥಿನಿಯೊಬ್ಬಳು ತದ್ವಿರುದ್ಧವಾಗಿ ವಾದಿಸಿದಳು. ಹಿಟ್ಟಿನ ಕೋಳಿಗೂ ಲೆಕ್ಕವಿರುವ ಲೋಕದಲ್ಲಿ ಮಾತ್ರ ತಾನು ಇಷ್ಟು ರಕ್ತವನ್ನು ನೋಡಬಲ್ಲೆ, ಲೆಕ್ಕವಿಲ್ಲದ ಕಡೆ ಅದು ಬರೀ ಕಸಾಯಿಖಾನೆ ಎಂದಳು. ಇಬ್ಬರೂ ಕ್ರೌರ್ಯಕ್ಕೆ ಅಂಜಿದವರಲ್ಲ. ಇಬ್ಬರ ಬೇಡಿಕೆ ಮಾತ್ರ ಬೇರೆ. ರಕ್ತ ಹೆಚ್ಚಾಯಿತೇ ಕಡಿಮೆಯಾಯಿತೇ ಎಂಬುದು ಓದುಗರ ಜಗಳದ ಮೇಲುಪದರ ಮಾತ್ರ. ಹರಿದ ರಕ್ತಕ್ಕೆ ಈ ಕಥಾಲೋಕದಲ್ಲಿ ಉತ್ತರ ಹೇಳುವವರು ಯಾರು ಎಂಬುದೇ ಅದರ ಒಳಗಿನ ಪ್ರಶ್ನೆ. ನಮ್ಮ ರಸಮೀಮಾಂಸೆಯ ಟಿಪ್ಪಣಿಗಳಿಗಿಂತ ಆ ದಿನದ ಮುಕ್ಕಾಲು ಗಂಟೆ ಈ ವಿಷಯದಲ್ಲಿ ಹೆಚ್ಚು ಕಲಿಸಿತೆನ್ನಬೇಕು.

ಇದೇ ಊರಿನ ಇನ್ನೊಂದು ನಿದರ್ಶನವನ್ನೂ ಗಮನಿಸಬಹುದು. 1947ರಲ್ಲಿ ತೆಲುಗು ಮತ್ತು ತಮಿಳಿನಲ್ಲಿ ಆರಂಭವಾದ ‘ಚಂದಮಾಮ’ 1949ರಿಂದ ಕನ್ನಡದಲ್ಲಿಯೂ ಬಂತು. ವಡಪಳನಿಯಲ್ಲಿ ಸಿದ್ಧವಾದ ಆ ಪತ್ರಿಕೆ ಕರ್ನಾಟಕದ ಹಳ್ಳಿಹಳ್ಳಿಗೆ ಬೇತಾಳನನ್ನು ಮುಟ್ಟಿಸಿತು. ಹೆಗಲ ಮೇಲೆ ಹೆಣ ಹೊತ್ತು ಸ್ಮಶಾನದಲ್ಲಿ ನಡೆಯುವ ವಿಕ್ರಮನ ಚಿತ್ರವನ್ನು ಶಂಕರ್ ಅವರು ಬರೆದರೆ ಮಕ್ಕಳು ಮೊದಲು ಅದನ್ನೇ ತೆರೆಯುತ್ತಿದ್ದರು. ಹೆಣ ಮಕ್ಕಳಿಗೆ ಆಗಬಹುದು, ಕಾಮ ಆಗದು ಎಂಬ ಸೋಸುವಿಕೆ ಅಲ್ಲಿ ನಡೆಯಿತು. ಪತ್ರಿಕೆಯ ಮಟ್ಟಿಗೆ ಅದು ನ್ಯಾಯವೇ. ಅದೇ ಬೇತಾಳ ಕಥೆಗಳಲ್ಲಿ ತಲೆಗಳು ಅದಲುಬದಲಾದ ಕಥೆಯೊಂದಿದೆ. ತಲೆಯಿದ್ದವನೇ ಗಂಡ ಎಂಬ ಉತ್ತರದಿಂದ ಬೇತಾಳನಿಗೆ ತೃಪ್ತಿ. ಥಾಮಸ್ ಮನ್ 1940ರಲ್ಲಿ ಈ ಉತ್ತರವನ್ನು ಕೆದಕಿದ. 1963ರಿಂದ 1970ರವರೆಗೆ ಮದರಾಸಿನಲ್ಲಿ ಪ್ರಕಾಶನ ಸಂಸ್ಥೆಯೊಂದರಲ್ಲಿ ಕೆಲಸ ಮಾಡಿದ ಗಿರೀಶ ಕಾರ್ನಾಡರು 1971ರ ‘ಹಯವದನ’ದಲ್ಲಿ ಕಥೆಯನ್ನು ಇನ್ನೂ ಮುಂದಕ್ಕೆ ಒಯ್ದರು. ಪದ್ಮಿನಿಗೆ ಬೇಕಾದುದು ಉತ್ತರವಲ್ಲ, ತಲೆಯೂ ಬೇಕು ಮೈಯೂ ಬೇಕು. 1980ರ ‘ಹಿಟ್ಟಿನ ಹುಂಜ’ದಲ್ಲಿ ಅವರು ಜನ್ನನ ವಸ್ತುವನ್ನೇ ಎತ್ತಿಕೊಂಡರು. ಚಂದಮಾಮದ ಬಾಲಕನೂ ಹಯವದನದ ಪ್ರೇಕ್ಷಕನೂ ಎಷ್ಟೋ ಸಲ ಒಬ್ಬನೇ ವ್ಯಕ್ತಿ. ಹಾಗಿರುವಾಗ ಅದ್ಭುತವನ್ನು ವಯಸ್ಸಿನಿಂದ ಅಳೆಯುವುದು ಹೇಗೆ?

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಜನ್ನ, ಕಾರ್ನಾಡರೆಂದರೆ ಸರಿ, ‘ತುಳಸಿದಳ’ಕ್ಕೂ ಇದೇ ಮರ್ಯಾದೆಯೇ ಎಂದು. ಯಂಡಮೂರಿ ವೀರೇಂದ್ರನಾಥರ ಆ ತೆಲುಗು ಕಾದಂಬರಿಯನ್ನು ವಂಶಿಯವರ ಅನುವಾದದಲ್ಲಿ ಕನ್ನಡಿಗರು ಉಸಿರು ಬಿಗಿಹಿಡಿದು ಓದಿದರು. 1985ರಲ್ಲಿ ಅದು ಚಲನಚಿತ್ರವೂ ಆಯಿತು. ನನಗೆ ಆ ಕೃತಿ ಹಿಡಿಸದು. ಹಸುಳೆಯೊಬ್ಬಳ ಮೇಲೆ ನಡೆಯುವ ಮಾಟದ ನೋವು ಅಲ್ಲಿ ಪುಟ ತಿರುಗಿಸುವ ಯಂತ್ರವಾಗಿದೆ ಎಂಬುದು ನನ್ನ ದೂರು. ಆದರೆ ಹಿಡಿಸದೆನ್ನುವುದಕ್ಕೆ ಓದಿ ಕಾರಣ ಕೊಟ್ಟಿದ್ದೇನೆ. ಓದದೆಯೇ ಇದು ಸಾಹಿತ್ಯವಲ್ಲವೆನ್ನುವುದು ಸಾತವಾಹನನ ವಿಮರ್ಶೆ.

ಈ ವಿಮರ್ಶೆಯಿಂದ ಆಗುವ ನಷ್ಟ ಸಣ್ಣದಲ್ಲ. ಕೆಲವು ವರ್ಷಗಳ ಹಿಂದೆ ಕನ್ನಡದ ಭಯಾನಕ ಮತ್ತು ಮಾಂತ್ರಿಕ ಕಾದಂಬರಿಗಳ ಓದುಗರನ್ನು ಕುರಿತು ಸಂಶೋಧನೆ ಮಾಡಬಯಸಿದ ಅಭ್ಯರ್ಥಿಗೆ ಒಂದು ಸಮಿತಿ ‘ಗಂಭೀರವಾದ ವಿಷಯ’ ತರಲು ಸೂಚಿಸಿತು. ಆತ ಗಂಭೀರವಾದ ವಿಷಯ ತಂದ, ಪದವಿಯೂ ಬಂತು. ಆ ಪ್ರಬಂಧವನ್ನು ಆತನೂ ಮತ್ತೊಮ್ಮೆ ತೆರೆದಿರಲಾರ. ಬಾಡಿಗೆ ಗ್ರಂಥಾಲಯಗಳಲ್ಲಿ ಈ ಕಾದಂಬರಿಗಳನ್ನು ಓದಿದ ತಲೆಮಾರು ಮುಪ್ಪಾಗುತ್ತಿದೆ. ಅವರು ಏನನ್ನು ಬೇಡಿ ಓದಿದರೆಂದು ಈಗ ಕೇಳದಿದ್ದರೆ ಮುಂದೆ ಕೇಳಲು ಯಾರೂ ಸಿಗುವುದಿಲ್ಲ.

ಸ್ನಾತಕೋತ್ತರ ತರಗತಿಯ ಒಂದು ಪತ್ರಿಕೆಯಲ್ಲಿ ಯಶೋಧರಚರಿತೆ, ಹಯವದನ, ಕಂಬಾರರ ಶಿಖರಸೂರ್ಯ, ತುಳಸಿದಳ ಈ ನಾಲ್ಕನ್ನು ಒಟ್ಟಿಗೆ ಇಡಬಹುದು. ಸಮಾನವೆಂದು ಸಾರಲು ಅಲ್ಲ. ಪರೀಕ್ಷೆಯಲ್ಲಿ ರಸದ ಲಕ್ಷಣ ಕೇಳುವ ಬದಲು, ಯಾವ ಕೃತಿಯನ್ನು ಎಲ್ಲಿ ಮುಚ್ಚಿಡಬೇಕೆನಿಸಿತು, ಪಕ್ಕದಲ್ಲಿ ಕುಳಿತವರಿಗೆ ಅಲ್ಲಿ ಹಾಗೇಕೆ ಅನಿಸಲಿಲ್ಲ ಎಂದು ಬರೆಯಲು ಹೇಳಬೇಕು.